ನೂರಿಪ್ಪತ್ತು ದಿನಗಳ ಲೆಕ್ಕ ಯಾರ ಕೈಯಲ್ಲಿದೆ?

2006ರ ಮಾರ್ಚ್‌ನಲ್ಲಿ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿಯ ಹದಿನೈದನೇ ಸೆಮಿನಾರ್ ನಮ್ಮ ಮೈಸೂರಿನಲ್ಲೇ ನಡೆಯಿತು. ದೇಶದ ನಾನಾ ಕಡೆಯ ಉಲೇಮಾಗಳು ಕೂತು ಡಿಎನ್‌ಎ ಪರೀಕ್ಷೆ, ವಂಶವಾಹಿ ಪರೀಕ್ಷೆಗಳ ಬಗ್ಗೆ ಚರ್ಚಿಸಿ ಠರಾವು ಮಾಡಿದರು. ಅದರಲ್ಲಿ ಒಂದು ಅಂಶ ಬಸುರಿಗೆ ಸಂಬಂಧಿಸಿದ್ದು. ಗರ್ಭದಲ್ಲಿರುವ ಮಗುವಿಗೆ ವಾಸಿಯಾಗದ ಬುದ್ಧಿ ವೈಕಲ್ಯವೋ ಅಂಗ ವೈಕಲ್ಯವೋ ಇದೆ, ಹುಟ್ಟಿದ ಮೇಲೆ ಅದರ ಬದುಕು ಅದಕ್ಕೂ ಮನೆಯವರಿಗೂ ಹೊರೆಯೂ ಯಾತನೆಯೂ ಆಗಲಿದೆ ಎಂದು ಪರೀಕ್ಷೆಯಿಂದ ಖಚಿತವಾದರೆ, 120 ದಿನ ತುಂಬುವ ಮೊದಲು ತಂದೆತಾಯಿ ಆ ಗರ್ಭವನ್ನು ತೆಗೆಸಬಹುದು. ತಾತ್ಪರ್ಯ ಇಷ್ಟೆ.

ಉರ್ದು ಓದುವವರಿಗೆ ಇದು ಹೊಸ ವಿಷಯವಲ್ಲ. ಕನ್ನಡದಲ್ಲಿ ಮಾತ್ರ ಈ ಠರಾವಿನ ಸುದ್ದಿಯನ್ನು ಎತ್ತಿದವರು ಕಡಿಮೆ. ನಮ್ಮಲ್ಲಿ ಗರ್ಭಪಾತ ಎಂಬ ಪದ ಬಂದ ಕೂಡಲೇ ಎರಡೇ ಉತ್ತರ ಸಿಗುತ್ತದೆ. ಒಬ್ಬರು ಹರಾಮ್ ಅಂತ ಹೇಳಿ ಎದ್ದು ಹೋಗ್ತಾರೆ. ಇನ್ನೊಬ್ಬರು ನಾಲ್ಕು ತಿಂಗಳ ಒಳಗೆ ಆದ್ರೆ ಪರವಾಗಿಲ್ಲ ಅಂತ ಫೋನಲ್ಲೇ ಹೇಳಿ ಮುಗಿಸ್ತಾರೆ. ಇಬ್ಬರೂ ಕೇಳದ ಪ್ರಶ್ನೆಯೊಂದಿದೆ: ಆ ನಾಲ್ಕು ತಿಂಗಳನ್ನು ಯಾವ ದಿನದಿಂದ ಎಣಿಸಿದಿರಿ? ಪರೀಕ್ಷೆಯ ವರದಿ ಬರುವುದು ಎಷ್ಟನೇ ದಿನಕ್ಕೆ?

ಈ ಪ್ರಶ್ನೆಯನ್ನು ಮುಂಬೈಯಲ್ಲಿಟ್ಟು ನೋಡುವುದು ಒಳ್ಳೆಯದು. ನಮ್ಮ ಕರಾವಳಿಯ ಬ್ಯಾರಿ ಕುಟುಂಬಗಳು, ಭಟ್ಕಳದ ನವಾಯತರು ತಲೆಮಾರುಗಳಿಂದ ಅಲ್ಲಿದ್ದಾರೆ. ಡೋಂಗ್ರಿ, ಕುರ್ಲಾದಿಂದ ಮೀರಾ ರೋಡ್, ಮುಂಬ್ರಾವರೆಗೆ ಹರಡಿದ್ದಾರೆ. ಗರ್ಭದಲ್ಲೇ ವಂಶವಾಹಿ ರೋಗ ಪತ್ತೆ ಹಚ್ಚುವ ಕೆಲಸ ದೇಶದಲ್ಲಿ ಮೊದಮೊದಲು ಬೆಳೆದ ಊರುಗಳಲ್ಲಿ ಮುಂಬೈ ಒಂದು. ಗರ್ಭಪಾತ ಕಾನೂನಿನ ವಾರದ ಮಿತಿಯನ್ನು ಕೋರ್ಟಿಗೆ ಎಳೆದು ತಂದ ಹೆಸರಾಂತ ಪ್ರಕರಣಗಳೂ ಹೆಚ್ಚಾಗಿ ಆ ಊರಿನವೇ.

ಮೊದಲು 120 ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಗರ್ಭದಲ್ಲಿ ಮನುಷ್ಯ ಹಂತಹಂತವಾಗಿ ರೂಪುಗೊಳ್ಳುವುದನ್ನು ಪವಿತ್ರ ಕುರ್‌ಆನ್ ಅಲ್ ಮುಅ್‌ಮಿನೂನ್ ಅಧ್ಯಾಯದಲ್ಲಿ ಹೇಳುತ್ತದೆ. ಅಲ್ಲಿ ದಿನದ ಲೆಕ್ಕವಿಲ್ಲ. ಲೆಕ್ಕ ಬರುವುದು ಅಬ್ದುಲ್ಲಾ ಇಬ್ನು ಮಸ್‌ಊದ್(ರ) ವರದಿ ಮಾಡಿದ, ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇರುವ ಹದೀಸ್‌ನಿಂದ. ನಲವತ್ತು, ಮತ್ತೆ ನಲವತ್ತು, ಮತ್ತೆ ನಲವತ್ತು; ಆಮೇಲೆ ಮಲಕ್ ಬಂದು ಆತ್ಮ ಊದುತ್ತಾರೆ. ಸಹೀಹ್ ಮುಸ್ಲಿಮ್‌ನಲ್ಲೇ ಇನ್ನೊಂದು ವರದಿಯಿದೆ. ಹುದೈಫಾ ಇಬ್ನು ಅಸೀದ್(ರ) ಅವರದು. ಅದರಲ್ಲಿ 42 ರಾತ್ರಿ ಕಳೆದ ಮೇಲೆ ಮಲಕ್ ಬಂದು ರೂಪ, ಕಿವಿ, ಕಣ್ಣುಗಳನ್ನು ಕೊಡುವ ಪ್ರಸ್ತಾಪವಿದೆ. ಕರ್ಮಶಾಸ್ತ್ರದ ಭಿನ್ನಮತಗಳಲ್ಲಿ ದೊಡ್ಡ ಪಾಲು ಈ ಎರಡು ವರದಿಗಳನ್ನು ಹೇಗೆ ಹೊಂದಿಸುವುದು ಎಂಬಲ್ಲಿಂದಲೇ ಶುರುವಾಗುತ್ತದೆ.

ಮಾಲಿಕಿ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ನಲವತ್ತು ದಿನದ ಮೊದಲೂ ಅವಕಾಶವಿಲ್ಲ. ಹನಫಿಗಳಲ್ಲಿ ಸಕಾರಣವಿದ್ದರೆ 120 ದಿನದೊಳಗೆ ಅವಕಾಶವಿದೆ. ಇಬ್ನು ಆಬಿದೀನ್ ಕೊಡುವ ಉದಾಹರಣೆ, ಎದೆಹಾಲು ಕುಡಿಯುವ ಮಗುವಿದ್ದು ಹೊಸ ಬಸುರಿನಿಂದ ತಾಯಿಯ ಹಾಲು ಬತ್ತುವ ಸಂದರ್ಭ. ಬ್ಯಾರಿಗಳು, ನವಾಯತರು, ಮುಂಬೈಯ ಕೊಂಕಣಿ ಮುಸ್ಲಿಮರು ಅನುಸರಿಸುವುದು ಶಾಫಿಈ ಮದ್‌ಹಬ್ ಅಲ್ವಾ, ಅಲ್ಲಿ ದೊಡ್ಡವರಿಬ್ಬರು ಎರಡು ದಿಕ್ಕು. ಇಮಾಮ್ ರಮ್ಲೀಯವರ ಒಲವು ಆತ್ಮ ಊದುವ ಮೊದಲು ಅವಕಾಶವಿದೆ ಎಂಬ ಕಡೆಗೆ. ನಮ್ಮ ದರ್ಸ್‌ಗಳಲ್ಲಿ ಹೆಚ್ಚು ತೂಕವಿರುವ ತುಹ್ಫಾದ ಕರ್ತೃ ಇಬ್ನು ಹಜರ್ ಹೈತಮೀ ನಿಷೇಧದ ಕಡೆಗೆ ವಾಲುತ್ತಾರೆ. ಅವರಿಗಿಂತ ಮೊದಲಿನ ಇಮಾಮ್ ಗಝಾಲಿ ಇಹ್ಯಾದಲ್ಲಿ ಇದನ್ನು ಏರುದಾರಿಯಂತೆ ಕಾಣುತ್ತಾರೆ: ಮೊದಲ ದಿನದಿಂದಲೇ ಅದು ಅಪರಾಧ, ಹಂತ ಏರಿದಂತೆ ಅಪರಾಧವೂ ಏರುತ್ತದೆ. ಹಾಗಾಗಿ ಮೈಸೂರಿನ ಠರಾವು ಶಾಫಿಈ ಮನೆಯೊಂದಕ್ಕೆ ತನ್ನಿಂದತಾನೇ ಅನ್ವಯವಾಗುತ್ತದೆ ಅಂತ ಹೇಳಲು ಬರುವುದಿಲ್ಲ. ಅದನ್ನು ಒಪ್ಪುವ ಉಸ್ತಾದರು ಯಾವ ದಾರಿಯಿಂದ ಒಪ್ಪುತ್ತಿದ್ದೇವೆ ಅಂತ ಹೇಳಬೇಕಾಗುತ್ತದೆ.

ಹದಿನಾರು ವರ್ಷ ಮೊದಲೇ, 1990ರ ಫೆಬ್ರವರಿಯಲ್ಲಿ, ಮಕ್ಕಾದ ರಾಬಿತಾದ ಫಿಕ್ಹ್ ಮಂಡಳಿ ತನ್ನ ಹನ್ನೆರಡನೇ ಅಧಿವೇಶನದಲ್ಲಿ ಇದೇ ವಿಷಯ ನಿರ್ಧರಿಸಿತ್ತು. ನಂಬಿಕಸ್ಥ ತಜ್ಞ ವೈದ್ಯರ ಸಮಿತಿ ತಪಾಸಣೆ ಮಾಡಿ, ಗುಣಪಡಿಸಲಾಗದ ತೀವ್ರ ವೈಕಲ್ಯ ಅಂತ ಖಚಿತಪಡಿಸಬೇಕು, ತಂದೆತಾಯಿ ಕೋರಬೇಕು, 120 ದಿನದೊಳಗಿರಬೇಕು. ದಿನ ದಾಟಿದರೆ ಮಗು ವಿಕಲವಾಗಿದ್ದರೂ ಇಲ್ಲ, ತಾಯಿಯ ಜೀವಕ್ಕೆ ಅಪಾಯವಿದ್ದರೆ ಮಾತ್ರ. ಮೈಸೂರು ಹೆಚ್ಚುಕಡಿಮೆ ಅದೇ ಬೇಲಿಯೊಳಗೆ ನಿಂತಿತು.

ಇನ್ನು ಎಣಿಕೆಗೆ ಬರೋಣ. ನನ್ನ ತಕರಾರು ಶುರುವಾಗುವುದೂ ಇಲ್ಲೇ.

ಡಾಕ್ಟರ್ ಹೇಳುವ ವಾರ ಗರ್ಭ ನಿಂತ ದಿನದಿಂದ ಶುರುವಾಗುವುದಿಲ್ಲ. ಕೊನೆಯ ಮುಟ್ಟಿನ ಮೊದಲ ದಿನದಿಂದ ಶುರುವಾಗುತ್ತದೆ. ಗರ್ಭ ನಿಲ್ಲುವ ಹೊತ್ತಿಗೇ ಆಸ್ಪತ್ರೆಯ ಫೈಲಿನಲ್ಲಿ ಸುಮಾರು ಎರಡು ವಾರ ಮುಗಿದಿರುತ್ತದೆ. ಹದೀಸ್‌ನ ಲೆಕ್ಕ ತಾಯಿಯ ಗರ್ಭದಲ್ಲಿ ಸೃಷ್ಟಿ ಶುರುವಾದಲ್ಲಿಂದ. ಹಾಗಾದರೆ 120 ದಿನಕ್ಕೆ 14 ಸೇರಿಸಬೇಕು. 134 ದಿನ. ಆಸ್ಪತ್ರೆಯ ಭಾಷೆಯಲ್ಲಿ 19 ವಾರ 1 ದಿನ. ಇದನ್ನು ತಿಳಿಯದೆ ಫೈಲಿನ ವಾರವನ್ನೇ ಏಳರಿಂದ ಗುಣಿಸಿದರೆ 17 ವಾರ 1 ದಿನಕ್ಕೇ ಬಾಗಿಲು ಮುಚ್ಚುತ್ತದೆ. ಫೈಲಿನಲ್ಲಿ 17 ವಾರ 3 ದಿನ ಅಂತ ಬರೆದಿರುವ ಹೆಣ್ಣುಮಗಳಿಗೆ ಅವಧಿ ಮುಗೀತು ಅಂತ ಹೇಳಿದರೆ, ಆ ಫತ್ವಾದ ಪ್ರಕಾರವೇ ಇನ್ನೂ 12 ದಿನ ಇರುವವಳನ್ನು ವಾಪಸು ಕಳುಹಿಸಿದ ಹಾಗೆ. ಮುಟ್ಟು ಕ್ರಮವಾಗಿಲ್ಲದವರಿಗೆ ಈ ಲೆಕ್ಕವೂ ತಪ್ಪಬಹುದು. ಮೊದಲ ಮೂರು ತಿಂಗಳೊಳಗಿನ ಸ್ಕ್ಯಾನಿಂಗ್ ಹೇಳುವ ವಯಸ್ಸನ್ನೇ ನಂಬಬೇಕಾಗುತ್ತದೆ. ಎಷ್ಟು ದಿನ ಆಯ್ತಮ್ಮ ಅಂತ ಮುಫ್ತಿ ಸಾಹೇಬರು ಕೇಳಿದರೆ ಸಾಲದು. ಯಾರ ಲೆಕ್ಕದಲ್ಲಿ ಅಂತಲೂ ಕೇಳಬೇಕು.

ಇದರ ಪಕ್ಕದಲ್ಲಿ ದೇಶದ ಕಾನೂನನ್ನು ಇಟ್ಟು ನೋಡಿ. 1971ರ ವೈದ್ಯಕೀಯ ಗರ್ಭಪಾತ ಕಾಯ್ದೆಯ ಮಿತಿ 20 ವಾರ, ಅಂದರೆ 140 ದಿನ. 134ಕ್ಕೂ 140ಕ್ಕೂ ಆರು ದಿನದ ಅಂತರ. ಯಾರೂ ಮಾತಾಡಿಕೊಂಡು ಮಾಡಿದ್ದಲ್ಲ, ಆದರೂ ಐವತ್ತು ವರ್ಷ ಸರ್ಕಾರದ ಬೇಲಿಯೂ ಶರೀಅತ್ತಿನ ಬೇಲಿಯೂ ಅಕ್ಕಪಕ್ಕದಲ್ಲೇ ಇದ್ದವು. ಗಡುವು ದಾಟಿದ ಮೇಲೆ ಆಸ್ಪತ್ರೆಯೇ ಇಲ್ಲ ಅನ್ನುತ್ತಿತ್ತು. ಉಲೇಮಾಗಳ ಹತ್ತಿರ ಆ ಪ್ರಶ್ನೆ ಹೋಗುವ ಸಂದರ್ಭವೇ ಕಡಿಮೆ.

ಆ ಕಾನೂನು ಬೇಲಿಯನ್ನು ಅಲ್ಲಾಡಿಸಿದ್ದು ಮುಂಬೈ. 2008ರಲ್ಲಿ ನಿಕೇತಾ ಮೆಹ್ತಾ ದಂಪತಿ ಮತ್ತು ಅವರ ವೈದ್ಯ ಡಾ. ನಿಖಿಲ್ ದಾತಾರ್ ಬಾಂಬೆ ಹೈಕೋರ್ಟಿಗೆ ಹೋದರು. 24ನೇ ವಾರದಲ್ಲಿ ಭ್ರೂಣದ ಹೃದಯದ ಬಡಿತದಲ್ಲಿ ಗಂಭೀರ ತಡೆ ಪತ್ತೆಯಾಗಿತ್ತು. ಸೂಕ್ಷ್ಮವಾಗಿ ಹೇಳಿದರೆ ಅದು ವಂಶವಾಹಿ ರೋಗವಲ್ಲ, ಆದರೆ ಪ್ರಶ್ನೆ ಅದೇ. ಆಗಸ್ಟ್ 4ರಂದು ಕೋರ್ಟು ಒಪ್ಪಲಿಲ್ಲ. ಅದೇ ತಿಂಗಳಲ್ಲಿ ಆಕೆಗೆ ಗರ್ಭಸ್ರಾವವಾಯಿತು. ಟಿವಿಗಳು ಆಗ ಎಲ್ಲ ಧರ್ಮಗಳ ಗುರುಗಳನ್ನೂ ಕೂರಿಸಿ ಅಭಿಪ್ರಾಯ ಕೇಳುವ ಉತ್ಸಾಹದಲ್ಲಿದ್ದವು. ಅರ್ಧ ನಿಮಿಷದಲ್ಲಿ ಫಿಕ್ಹ್ ಹೇಳುವುದು ಹೇಗೆ ಅಂತ ಅವರಿಗೇ ಗೊತ್ತು!

2017ರಲ್ಲಿ ಎರಡು ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಹೋದವು. ಎರಡರಲ್ಲೂ ವರದಿ ಕೊಟ್ಟದ್ದು ಪರೇಲ್‌ನ ಕೆಇಎಂ ಆಸ್ಪತ್ರೆಯ ವೈದ್ಯರ ಮಂಡಳಿ. ಜನವರಿ 16ರಂದು, ಮುಂಬೈ ಕಡೆಯ 22 ವರ್ಷದ ಯುವತಿಗೆ ಸುಮಾರು 24 ವಾರದಲ್ಲಿ ಅನುಮತಿ ಸಿಕ್ಕಿತು. ಭ್ರೂಣಕ್ಕೆ ತಲೆಬುರುಡೆ, ಮೆದುಳು ಬೆಳೆದಿರಲಿಲ್ಲ. ಹೊರಗೆ ಬಂದು ಬದುಕುವ ಸಾಧ್ಯತೆಯೇ ಇರಲಿಲ್ಲ. ಫೆಬ್ರವರಿ 28ರಂದು 37 ವರ್ಷದ ಇನ್ನೊಬ್ಬ ಮಹಿಳೆಗೆ 26ನೇ ವಾರದಲ್ಲಿ ಅನುಮತಿ ಸಿಗಲಿಲ್ಲ. ಅಲ್ಲಿ ಇದ್ದದ್ದು ಡೌನ್ ಸಿಂಡ್ರೋಮ್. ತಾಯಿಯ ಜೀವಕ್ಕೆ ಅಪಾಯವಿಲ್ಲ, ಮಗು ಬದುಕಿ ಹುಟ್ಟಬಹುದು ಎಂಬ ಕಾರಣ. ಆರು ವಾರದ ಅಂತರದಲ್ಲಿ ಒಂದೇ ಕೋರ್ಟು, ಒಂದೇ ಆಸ್ಪತ್ರೆ, ಎರಡು ಉತ್ತರ. ತೀರ್ಪುಗಳನ್ನು ಒಪ್ಪಿ ಬಿಡಿ, ಅಲ್ಲಿ ಒಂದು ವಿವೇಚನೆ ಇತ್ತು: ರೋಗ ಯಾವುದು ಅಂತ ಕೇಳಿದ ಮೇಲೇ ಉತ್ತರ ಹೇಳಿದರು.

ಆಮೇಲೆ ಕಾಯ್ದೆಗೆ ತಿದ್ದುಪಡಿ ಬಂತು. 2021ರ ಸೆಪ್ಟೆಂಬರ್ 24ರಿಂದ ಜಾರಿಯಲ್ಲಿರುವ ನಿಯಮದಂತೆ, ಭ್ರೂಣಕ್ಕೆ ಗಂಭೀರ ವೈಕಲ್ಯವಿದೆ ಅಂತ ರಾಜ್ಯದ ವೈದ್ಯಕೀಯ ಮಂಡಳಿ ಹೇಳಿದರೆ ವಾರದ ಮೇಲ್ಮಿತಿಯೇ ಇಲ್ಲ. ಈಗ ಶರೀಅತ್ತಿನ ಬೇಲಿ ಒಂಟಿಯಾಗಿ ನಿಂತಿದೆ. 21ನೇ ವಾರದಲ್ಲಿ ಸ್ಕ್ಯಾನಿಂಗ್ ವರದಿ ಹಿಡಿದು ಬಂದ ಕುರ್ಲಾದ ಹೆಣ್ಣುಮಗಳಿಗೆ ಈಗ ಆಸ್ಪತ್ರೆ ದಾರಿ ತೋರಿಸುತ್ತದೆ. ಹೋಗಬೇಕೋ ಬೇಡವೋ ಅನ್ನುವುದನ್ನು ಅವಳೇ ತೀರ್ಮಾನಿಸಬೇಕು. ಕಾನೂನು ಹೊತ್ತಿದ್ದ ಭಾರ ಅವಳ ಮೇಲೆ ಬಂತು. ನಮ್ಮ ಫತ್ವಾ ಸಾಹಿತ್ಯ ಅವಳಿಗೆ ಸರಿಯಾಗಿ ತಯಾರಾಗಿದೆ ಅಂತ ನನಗೆ ಅನ್ನಿಸುವುದಿಲ್ಲ.

ಯಾಕೆ ತಯಾರಿಲ್ಲ ಅಂದರೆ, ಪರೀಕ್ಷೆಗಳ ವೇಳಾಪಟ್ಟಿ ನೋಡಿ. ಭ್ರೂಣಕ್ಕೆ ವಂಶವಾಹಿ ರೋಗ ಇದೆಯೋ ಇಲ್ಲವೋ ಅಂತ ಬೇಗ ಹೇಳುವುದು ಸಿವಿಎಸ್ ಎಂಬ ಪರೀಕ್ಷೆ. ಬೆಳೆಯುತ್ತಿರುವ ಮಾಸುವಿನಿಂದ ಸಣ್ಣ ಚೂರು ತೆಗೆದು ನೋಡುತ್ತಾರೆ. 11ರಿಂದ 13–14ನೇ ವಾರದೊಳಗೆ ಮಾಡುವಂಥದ್ದು. ಅಮ್ನಿಯೋಸೆಂಟೆಸಿಸ್, ಅಂದರೆ ಗರ್ಭದ ನೀರನ್ನು ಸೂಜಿಯಲ್ಲಿ ತೆಗೆಯುವುದು, 15–16 ವಾರದ ಮೇಲೆ. ಜೀವಕೋಶ ಬೆಳೆಸಿ ನೋಡಬೇಕಾದರೆ ಫಲಿತಾಂಶಕ್ಕೆ ಮತ್ತೆ ಎರಡು ಮೂರು ವಾರ. ಅಂಗಾಂಗ ನೋಡುವ ದೊಡ್ಡ ಸ್ಕ್ಯಾನಿಂಗ್ 18ರಿಂದ 20ನೇ ವಾರಕ್ಕೆ. ನಮ್ಮ ಗಡಿ 19 ವಾರ 1 ದಿನ. ಅಮ್ನಿಯೋ ಗಡಿಯ ಮೇಲೆ ಬಂದು ನಿಲ್ಲುತ್ತದೆ, ಸ್ಕ್ಯಾನಿಂಗ್ ಎಷ್ಟೋ ಸಲ ಗಡಿ ದಾಟುತ್ತದೆ. ಆರಾಮವಾಗಿ ಗಡಿಯೊಳಗೆ ಬರುವುದು ಸಿವಿಎಸ್ ಒಂದೇ. ನಲವತ್ತು ದಿನದ ಅಭಿಪ್ರಾಯವನ್ನು ಹಿಡಿದವರಿಗೆ ಅದೂ ಇಲ್ಲ. 42ಕ್ಕೆ 14 ಸೇರಿಸಿದರೆ ಎಂಟನೇ ವಾರ. ಅಷ್ಟು ಬೇಗ ಮಾಡುವ ಪರೀಕ್ಷೆಯೇ ಇಲ್ಲ.

ಸಿವಿಎಸ್ ಎಲ್ಲರಿಗೂ ಮಾಡುವ ಪರೀಕ್ಷೆ ಅಲ್ಲ. ಅಪಾಯ ಇದೆ ಅಂತ ಮೊದಲೇ ಗೊತ್ತಿರುವವರಿಗೆ ಮಾತ್ರ ಹೇಳ್ತಾರೆ. ಹಾಗಾಗಿ ಮೈಸೂರಿನ ಠರಾವು ಕೊಟ್ಟ ಅವಕಾಶ ನಿಜವಾಗಿ ಯಾರಿಗೆ ಸಿಗುತ್ತದೆ? ಬಸುರಿಯಾಗುವ ಮೊದಲೇ ತನ್ನ ರಕ್ತದ ವಿಷಯ ತಿಳಿದವಳಿಗೆ. ಉಳಿದವರಿಗೆ ಅದು ಕಾಗದದ ಮೇಲಿನ ಅವಕಾಶ.

ಥಲಸ್ಸೇಮಿಯಾವನ್ನೇ ತೆಗೆದುಕೊಳ್ಳೋಣ. ಮುಂಬೈಯಲ್ಲಿ ಈ ರೋಗದ ವಾಹಕರು ಹೆಚ್ಚಿರುವ ಸಮುದಾಯಗಳನ್ನು ಹೇಳುವಾಗ ಸಿಂಧಿ, ಲೋಹಾಣಾ, ಕಚ್ಛಿ ಭಾನುಶಾಲಿಗಳ ಜೊತೆ ಮುಸ್ಲಿಮರಲ್ಲಿ ಮೆಮನ್ ಮತ್ತು ಖೋಜಾಗಳ ಹೆಸರೂ ಬರುತ್ತದೆ. ತಮ್ಮೊಳಗೇ ಮದುವೆಯಾಗುವ ಸಮುದಾಯಗಳು ಇವು. ನಾವೂ ಆ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಬಿಡಿ. ಸೋದರ ಸಂಬಂಧದ ಮದುವೆ ನಮ್ಮಲ್ಲೂ ಇದೆ, ಸೋದರಮಾವನಿಗೆ ಕೊಡುವ ಪದ್ಧತಿ ಕರ್ನಾಟಕದ ಹಿಂದೂ ಮನೆಗಳಲ್ಲೂ ಇದೆ. ವಾಹಕರಿಗೆ ರೋಗವಿರುವುದಿಲ್ಲ. ಸ್ವಲ್ಪ ರಕ್ತಹೀನತೆಯಂತೆ ಕಾಣಬಹುದು, ಕಬ್ಬಿಣದ ಮಾತ್ರೆ ಕೊಟ್ಟು ಕಳುಹಿಸುತ್ತಾರೆ. ವಾಹಕರಿಬ್ಬರು ಮದುವೆಯಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ರೋಗಿ ಮಗುವಿನ ಸಾಧ್ಯತೆ, ಎರಡು ಪಾಲು ವಾಹಕ, ಒಂದು ಪಾಲು ಏನೂ ಇಲ್ಲದ್ದು. ಪ್ರತಿ ಬಸುರಿಗೂ ಅಷ್ಟೇ. ಮೊದಲನೆಯದು ರೋಗಿಯಾಯಿತು, ಇನ್ನು ಮೂರು ಮಕ್ಕಳು ಸುರಕ್ಷಿತ ಎಂದು ಲೆಕ್ಕ ಹಾಕುವವರಿದ್ದಾರೆ. ಅದು ತಪ್ಪು.

ರೋಗವಿರುವ ಮಗುವಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ ಏರಿಸಬೇಕು. ರಕ್ತದ ಜೊತೆ ಬರುವ ಕಬ್ಬಿಣ ಹೃದಯ, ಯಕೃತ್ತಿನಲ್ಲಿ ಕೂರುತ್ತದೆ, ಅದನ್ನು ಇಳಿಸಲು ಜೀವನವಿಡೀ ಔಷಧ. ಮುಂಬೈಯ ಸಯನ್, ಕೆಇಎಂನಂಥ ಪಾಲಿಕೆ ಆಸ್ಪತ್ರೆಗಳಲ್ಲಿ ಈ ಮಕ್ಕಳ ಸಾಲು ಕಾಣಬಹುದು. ಬೊರಿವಲಿಯಲ್ಲಿ ಪಾಲಿಕೆಯೇ ಥಲಸ್ಸೇಮಿಯಾ ಚಿಕಿತ್ಸೆ ಮತ್ತು ಅಸ್ಥಿಮಜ್ಜೆ ಕಸಿಯ ಕೇಂದ್ರ ಮಾಡಿದೆ. ಮೇ ತಿಂಗಳ ರಜೆಯಲ್ಲಿ ರಕ್ತದಾನಿಗಳು ಊರಿಗೆ ಹೋದಾಗ ಮೊದಲು ಕಂಗಾಲಾಗುವವರು ಈ ಮಕ್ಕಳ ತಾಯಂದಿರು. ಕೆಇಎಂ ಆವರಣದಲ್ಲೇ ಐಸಿಎಂಆರ್‌ನ ರಾಷ್ಟ್ರೀಯ ಇಮ್ಯುನೊಹೆಮಟಾಲಜಿ ಸಂಸ್ಥೆ ಇದೆ. ಗರ್ಭದಲ್ಲೇ ಥಲಸ್ಸೇಮಿಯಾ ಪತ್ತೆ ಹಚ್ಚುವ ಕೆಲಸ ದಶಕಗಳಿಂದ ಅಲ್ಲಿ ನಡೆಯುತ್ತಿದೆ.

ವಾಹಕರೋ ಅಲ್ಲವೋ ಅಂತ ಹೇಳುವ ರಕ್ತಪರೀಕ್ಷೆ ಜೀವನದಲ್ಲಿ ಒಮ್ಮೆ ಮಾಡಿಸಿದರೆ ಸಾಕು. ಸೌದಿ ಅರೇಬಿಯಾದಲ್ಲಿ 2004ರಿಂದ ನಿಕಾಹ್‌ಗೆ ಮುಂಚೆ ಅದು ಕಡ್ಡಾಯ. ವಾಹಕರಿಬ್ಬರು ಅಂತ ಗೊತ್ತಾದರೂ ಮದುವೆಗೆ ತಡೆಯಿಲ್ಲ, ತಿಳಿದು ಆಗಿ ಅಂತ ಅಷ್ಟೆ. ಇರಾನ್‌ನ ಕಥೆ ಇನ್ನೂ ಯೋಚಿಸುವಂಥದ್ದು. 1997ರಲ್ಲಿ ಅಲ್ಲಿ ಮದುವೆಗೆ ಮುಂಚಿನ ಪರೀಕ್ಷೆ ಕಡ್ಡಾಯವಾಯಿತು. ಅಪಾಯ ಗೊತ್ತಾದ ಜೋಡಿಗಳು ದೂರಾಗುತ್ತಾರೆ ಎಂಬ ನಿರೀಕ್ಷೆಯಿತ್ತು. ಅನೇಕರು ದೂರಾಗಲಿಲ್ಲ, ಮದುವೆಯಾದರು, ಆಮೇಲೆ ಮಗುವಿಗೆ ಏನು ಮಾಡೋಣ ಅಂತ ಕೇಳತೊಡಗಿದರು. ಆ ಒತ್ತಡದಿಂದ ಫತ್ವಾ ಬಂತು, 2005ರಲ್ಲಿ ಕಾನೂನೂ ಬಂತು: ನಾಲ್ಕು ತಿಂಗಳ ಒಳಗೆ, ಮೂವರು ವೈದ್ಯರ ದೃಢೀಕರಣದೊಂದಿಗೆ. (ಇರಾನಿನ ಫತ್ವಾ ಮುಂಬೈಯ ಎಲ್ಲ ಶಿಯಾಗಳಿಗೂ ಅನ್ವಯವಲ್ಲ. ಅಲ್ಲಿ ಪ್ರತಿಯೊಬ್ಬರೂ ತಮ್ಮ ಮರ್ಜಾರನ್ನು ಕೇಳಬೇಕು.) ಪರೀಕ್ಷೆ ಮೊದಲು ಬಂತು, ಫತ್ವಾ ಅದರ ಹಿಂದೆ ಬಂತು. ನಮ್ಮಲ್ಲಿ ಫತ್ವಾ 2006ರಲ್ಲೇ ಬಂದು ಕೂತಿದೆ, ಜಮಾಅತ್‌ಗಳು ಪರೀಕ್ಷೆಯ ಮಾತೇ ಎತ್ತಿಲ್ಲ.

ಎತ್ತದಿರಲು ಒಂದು ಕಾರಣ ಎಲ್ಲರಿಗೂ ಗೊತ್ತು. ವರದಿ ಬಂದರೆ ಬಲಿಯಾಗುವುದು ಹುಡುಗಿ. ಹುಡುಗ ವಾಹಕನಾದರೆ ಅದು ಗುಟ್ಟು, ಹುಡುಗಿಯಾದರೆ ಅದು ಊರಿನ ಸುದ್ದಿ. ಆದ್ದರಿಂದ ನಿಕಾಹ್ ಗೊತ್ತಾದ ಮೇಲೆ ಪರೀಕ್ಷೆ ಮಾಡಿಸುವುದು ಕೆಟ್ಟ ದಾರಿ. ಕಾಲೇಜಿನ ವಯಸ್ಸಿನಲ್ಲೇ, ಗಂಡು ಹೆಣ್ಣು ಇಬ್ಬರಿಗೂ, ಸಂಬಂಧದ ಮಾತು ಬರುವ ಮೊದಲೇ ಆಗಿರಬೇಕು. ಮದರಸದ ದೊಡ್ಡ ತರಗತಿಯಲ್ಲೂ ಆಗಬಹುದು. ಯಾರೂ ಬೇಡ ಅನ್ನಲಿಕ್ಕಿಲ್ಲ.

ಇನ್ನು ಠರಾವಿನ ಮಾತಿಗೆ ಬರುತ್ತೇನೆ. ‘ಹೊರೆ’ ಎಂಬ ಆ ಪದ ನನಗೆ ಒಪ್ಪಿಗೆಯಾಗಲಿಲ್ಲ. ಉಲೇಮಾಗಳ ಉದ್ದೇಶ ಕರುಣೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಫತ್ವಾದಲ್ಲಿ ಪದ ಅಂದರೆ ಅಳತೆಗೋಲು. ಹೊರೆ ಯಾರಿಗೆ, ಎಷ್ಟು ಅಂತ ಹೇಳದಿದ್ದರೆ ತಲೆಬುರುಡೆ ಇಲ್ಲದ ಭ್ರೂಣ, ಥಲಸ್ಸೇಮಿಯಾ, ಡೌನ್ ಸಿಂಡ್ರೋಮ್ ಎಲ್ಲವೂ ಒಂದೇ ಚೀಲಕ್ಕೆ ಬೀಳುತ್ತವೆ. ಒಂದರಲ್ಲಿ ಬದುಕೇ ಇಲ್ಲ. ಇನ್ನೊಂದರಲ್ಲಿ ರಕ್ತ, ಔಷಧ ಸಿಕ್ಕರೆ ದೀರ್ಘ ಬದುಕು ಇದೆ, ನೋವೂ ಇದೆ. ಮೂರನೆಯದರಲ್ಲಿ ಮಗು ನಿಧಾನವಾಗಿ ಕಲಿಯುತ್ತದೆ, ನಗುತ್ತದೆ, ಅಪ್ಪನ ಕೈಹಿಡಿದು ಜುಮಾಕ್ಕೆ ಬರುತ್ತದೆ. ಆ ಅಪ್ಪ ಈ ಠರಾವನ್ನು ಓದಿದರೆ ಅವನಿಗೆ ಏನನ್ನಿಸೀತು? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಥಲಸ್ಸೇಮಿಯಾವನ್ನೂ ತನ್ನ ಪಟ್ಟಿಯಲ್ಲಿ ಸೇರಿಸಿ ಹಕ್ಕು ಕೊಟ್ಟಿದೆ. ಕುರುಡರಾದ ಅಬ್ದುಲ್ಲಾ ಇಬ್ನು ಉಮ್ಮಿ ಮಕ್ತೂಮ್(ರ) ಅವರ ನಿಮಿತ್ತ ಅಬಸ ಅಧ್ಯಾಯದ ಮೊದಲ ಸೂಕ್ತಗಳು ಇಳಿದವು. ಪ್ರವಾದಿ(ಸ) ಮದೀನಾದಿಂದ ಹೊರಗೆ ಹೋಗುವಾಗ ಊರನ್ನು ಅವರ ಕೈಗೆ ಒಪ್ಪಿಸಿ ಹೋದದ್ದುಂಟು. ವಿಕಲಚೇತನರನ್ನು ನಡೆಸಿಕೊಳ್ಳುವ ಬಗ್ಗೆ ಇಂಥ ಮಾದರಿ ಇಟ್ಟುಕೊಂಡವರು ‘ಹೊರೆ’ಗಿಂತ ಸೂಕ್ಷ್ಮವಾದ ಮಾತು ಹುಡುಕಬೇಕಿತ್ತು. ಮಕ್ಕಾದ ಠರಾವು ತೀವ್ರತೆ ಮತ್ತು ವಾಸಿಯಾಗದಿರುವಿಕೆಯ ಮೇಲೆ ತೂಕ ಹಾಕುತ್ತದೆ, ವೈದ್ಯರ ಸಮಿತಿಯ ಹೆಗಲಿಗೆ ಹೊಣೆ ಹಾಕುತ್ತದೆ. ಆ ಮಟ್ಟಿಗೆ ಅದು ಹೆಚ್ಚು ಬಿಗಿ.

ಎದುರು ಕಡೆಯ ವಾದದಲ್ಲೂ ಒಂದು ಸಡಿಲ ಇದೆ. ಬಡತನದ ಭಯದಿಂದ ಮಕ್ಕಳನ್ನು ಕೊಲ್ಲಬಾರದು ಎಂಬ ಬನೀ ಇಸ್ರಾಈಲ್ ಅಧ್ಯಾಯದ ಆಜ್ಞೆಯನ್ನು ಭಾಷಣಕಾರರು ಇಲ್ಲಿ ತಂದು ನಿಲ್ಲಿಸ್ತಾರೆ. ಆಜ್ಞೆ ಮಾತಾಡುವುದು ಮಕ್ಕಳ ಬಗ್ಗೆ. ಆತ್ಮ ಊದುವ ಮೊದಲಿನ ಗರ್ಭಕ್ಕೆ ಅದು ಅನ್ವಯವೇ ಅನ್ನುವುದೇ ಇಮಾಮರುಗಳ ನಡುವಿನ ಚರ್ಚೆ. ಆ ಚರ್ಚೆಯನ್ನು ಹಾರಿ ಹೋಗುವುದು ಸರಿಯಲ್ಲ. ಮತ್ತೆ, ಬಡತನಕ್ಕೆ ಹೆದರಬೇಡ ಅಂತ ತಾಯಿಗೆ ಹೇಳಿದವರು ಹದಿನೈದು ದಿನಕ್ಕೊಮ್ಮೆ ಒಂದು ಬಾಟಲಿ ರಕ್ತದ ಏರ್ಪಾಡಿಗೂ ನಿಲ್ಲಬೇಕಲ್ಲ? ಮಿಲಾದ್, ಮುಹರ್ರಮ್ ಸಮಯದಲ್ಲಿ ರಕ್ತದಾನ ಶಿಬಿರಗಳು ನಡೆಯುತ್ತವೆ, ಒಳ್ಳೆಯದು. ಮಗುವಿಗೆ ಜನವರಿಯಲ್ಲೂ ಬೇಕು, ಮೇಯಲ್ಲೂ ಬೇಕು.

‘ತಂದೆತಾಯಿ’ ಎಂಬ ಪದವೂ ಸ್ವಲ್ಪ ನಿಲ್ಲಿಸಿ ನೋಡಬೇಕಾದ್ದು. ಕಾನೂನಿನಲ್ಲಿ ವಯಸ್ಕ ಹೆಂಗಸಿನ ಒಪ್ಪಿಗೆಯೊಂದೇ ಸಾಕು, ಗಂಡನ ಸಹಿ ಬೇಕಿಲ್ಲ. ಠರಾವು ಇಬ್ಬರನ್ನೂ ಕೂರಿಸುತ್ತದೆ. ಕಾಗದದಲ್ಲಿ ಚೆನ್ನಾಗಿದೆ. ಮನೆಯಲ್ಲಿ ಮಾತಾಡುವುದು ಅತ್ತೆ, ಭಾವ, ಊರಿನಿಂದ ಫೋನ್ ಮಾಡುವ ಮಾವ. ತೆಗೆಸು ಅಂತಲೂ ಅವರೇ, ಬೇಡ ಅಂತಲೂ ಅವರೇ. ಹೆಣ್ಣು ಭ್ರೂಣ ತೆಗೆಸಿದ ಪಾಪದ ಇತಿಹಾಸ ಮುಂಬೈಗೆ ಇದೆ. ದೇಶದಲ್ಲಿ ಮೊದಲು 1988ರಲ್ಲಿ ಮಹಾರಾಷ್ಟ್ರವೇ ಅದರ ವಿರುದ್ಧ ಕಾನೂನು ತಂದಿತು, 1994ರಲ್ಲಿ ಕೇಂದ್ರ ತಂದಿತು. ಪರೀಕ್ಷೆ ಅಂದರೆ ಅನುಮಾನ ಹುಟ್ಟುವುದು ಅದಕ್ಕೇ. ಅನುಮಾನ ಸರಿ. ಆದರೆ ಅದರ ಹೆಸರಿನಲ್ಲಿ ರೋಗದ ಪರೀಕ್ಷೆಯನ್ನೇ ಕೆಟ್ಟದ್ದೆಂದು ತಳ್ಳಿದರೆ ನಷ್ಟ ಹೆಂಗಸಿನದೇ.

ಕೊನೆಯ ಮತ್ತು ಅತ್ಯಂತ ಕಠಿಣ ಮೂಲೆ 134ನೇ ದಿನದ ಆಚೆಗಿನದು. ಸ್ಕ್ಯಾನಿಂಗ್ 20ನೇ ವಾರಕ್ಕೆ ತಲೆಬುರುಡೆ ಇಲ್ಲ ಅಂತ ತೋರಿಸಿತು. ಮಗು ಹುಟ್ಟಿದರೂ ಗಂಟೆಗಳ ಮಾತು. ಮಕ್ಕಾದ ಠರಾವಿನಂತೆ ತಾಯಿ ಇನ್ನೂ ನಾಲ್ಕೂವರೆ ತಿಂಗಳು ಹೊರಬೇಕು. ಆತ್ಮ ಊದಿದ ಜೀವದ ಗೌರವದಿಂದ ಬಂದ ಉತ್ತರ ಅದು, ಅದನ್ನು ಹಗುರವಾಗಿ ತಳ್ಳುವ ಯೋಗ್ಯತೆ ನನಗಿಲ್ಲ. ಆದರೆ ಅದು 1990ರ ಉತ್ತರ. ಬದುಕಲಿಕ್ಕೇ ಆಗದ ಭ್ರೂಣವನ್ನು ಬದುಕಬಲ್ಲ ವಿಕಲ ಮಗುವಿನ ಜೊತೆ ಒಂದೇ ವಾಕ್ಯದಲ್ಲಿ ಇಟ್ಟದ್ದು ಸಾಕೇ, 2021ರ ನಂತರ ಈ ಮೂಲೆಯನ್ನು ಪ್ರತ್ಯೇಕವಾಗಿ ಮತ್ತೆ ತೆರೆಯಬೇಕಲ್ಲವೇ ಎಂದು ಅಕಾಡೆಮಿಯನ್ನು ಕೇಳಬಹುದು. ಕೇಳುವಾಗ ಹೆಣ್ಣು ವೈದ್ಯರೂ ಆ ಕೋಣೆಯಲ್ಲಿರಲಿ.

ಉತ್ತರ ಏನೇ ಬರಲಿ, ಹೊತ್ತವಳೂ ಇರುತ್ತಾಳೆ, ಕಳೆದುಕೊಂಡವಳೂ ಇರುತ್ತಾಳೆ. ಅವಳ ಮುಂದಿನ ಪ್ರಶ್ನೆಗಳಿಗೆ ಉತ್ತರ ಕಿತಾಬುಗಳಲ್ಲಿದೆ, ಮಿಂಬರಿನಿಂದ ಕೇಳುವುದಿಲ್ಲ. ಹನಫಿಯಲ್ಲಿ ಅಂಗಾಂಗದ ರೂಪ ಕಂಡಿದ್ದರೆ ಆಮೇಲಿನ ರಕ್ತ ನಿಫಾಸ್, ಇಲ್ಲದಿದ್ದರೆ ಬೇರೆ ಲೆಕ್ಕ. ಶಾಫಿಈಯಲ್ಲಿ ಅದಕ್ಕೂ ಮೊದಲಿನ ಹಂತದಲ್ಲಿ ಹೋದರೂ ನಿಫಾಸ್. ನಮಾಝ್ ಯಾವಾಗಿನಿಂದ ಅಂತ ಅವಳು ಯಾರನ್ನು ಕೇಳಬೇಕು? ನಾಲ್ಕು ತಿಂಗಳು ದಾಟಿ ಹೋದ ಮಗುವನ್ನು ತೊಳೆದು, ಬಟ್ಟೆಯಲ್ಲಿ ಸುತ್ತಿ, ದಫನ ಮಾಡಬೇಕು. ಆಸ್ಪತ್ರೆಯ ನಿಯಮ ಬೇರೆ. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳ ಪ್ರಕಾರ ಹೊರಗೆ ಬದುಕುವ ಅವಧಿ ತಲುಪದ ಭ್ರೂಣ ಹಳದಿ ಚೀಲಕ್ಕೆ ಹೋಗುತ್ತದೆ. ಮನೆಯವರು ಮೊದಲೇ, ದಾಖಲಾಗುವಾಗಲೇ, ನಮಗೆ ಕೊಡಿ ಅಂತ ಬಾಯಿ ಬಿಟ್ಟು ಕೇಳದಿದ್ದರೆ ಆಮೇಲೆ ಕೇಳಿ ಪ್ರಯೋಜನವಿಲ್ಲ.